ಯಮನವ್ವನ ಕೀಲಿಗೊಂಚಲು

ಶಿವಕಾಂತನ ಫೋನು ಒಮ್ಮೆಯೂ ಬಡಿದುಕೊಳ್ಳದೆ ಮುಗಿದ ಶುಭಕಾರ್ಯ ಅವನ ಹೆಂಡತಿಯ ಬಳಗದಲ್ಲಿ ಯಾರಿಗೂ ನೆನಪಿರಲಿಲ್ಲ. ಸ್ವಂತ ಮಗಳ ತೊಟ್ಟಿಲ ಕಾರ್ಯದ ದಿನ ಅವನು ಹಿತ್ತಲಲ್ಲಿ ನಿಂತು ನಿಫಾಡದ ಲಾರಿಗಳ ಪಂಚಾಯ್ತಿ ಮಾಡುತ್ತಿದ್ದ. ಒಳಗೆ ಬರುವಷ್ಟರಲ್ಲಿ ಕೂಸಿಗೆ ಮಾನ್ಯಾ ಎಂದು ಹೆಸರಾಗಿತ್ತು. ಹೊರಗೆ ಓಡುವಾಗ ಅವನ ಮುಖದಲ್ಲಿ ಊರಿನ ತಾಪತ್ರಯವೆಲ್ಲ ಇರುತ್ತಿತ್ತು, ಒಳಗೆ ಬರುವಾಗ ಮೀಸೆಯ ತುದಿಯಲ್ಲಿ ಗೆದ್ದ ನಗು.

ಆ ನಗುವಿಗೆ ಕಾರಣವಿತ್ತು. ಭಾಲ್ಕಿ ಕಡೆಯಿಂದ ನಾಸಿಕಕ್ಕೆ ಬಂದು ದ್ರಾಕ್ಷಿ ರಫ್ತಿನ ಕಂಪನಿಯೊಂದರಲ್ಲಿ ಟೈಪಿಸ್ಟನಾಗಿ ಕೂತವನು, ಹಳೇ ಪುಸ್ತಕ ತಿರುವಿ ತಿರುವಿ ತಾನೇ ವಿದ್ಯೆ ಕಲಿತು, ಕಂಪನಿಗೆ ಒಂದು ವೆಬ್ ಅಪ್ಲಿಕೇಶನ್ ಕಟ್ಟಿದ್ದ. ಅವನ ಮದುವೆಯಲ್ಲಿ ಮಾತ್ರ ಮಾವನ ಮನೆಯವರು, ಯಾರಾದರೂ "ಅಳಿಯಾ ಏನ್ ಮಾಡ್ತಾರ್ರಿ?" ಎಂದರೆ, "ಏನೋ ಗುಂಡಿ ಒತ್ತತಾರ" ಎಂದು ಬಾಯಿ ಮುಚ್ಚಿ ನಕ್ಕಿದ್ದರು. ಆ ಗುಂಡಿ ಇಲ್ಲದಿದ್ದರೆ ಏನಾಗುತ್ತದೆಂದು ಅವರ ಕಿವಿಗೆ ಬೀಳಿಸುವುದು ಫೋನಿನ ಕೆಲಸವಾಗಿತ್ತು.

ಅಪ್ಲಿಕೇಶನ್ನೂ ಅವನ ಊರಮನೆಯ ಹಾಗೇ ಬೆಳೆದಿತ್ತು. ಬೆಳೆಗಾರರು, ಲಾರಿ, ಕೋಲ್ಡ್ ಸ್ಟೋರೇಜು, ಪಗಾರ, ಹಾಜರಿ, ಕಡೆಗೆ ಆಫೀಸಿನ ಚಹಾ ಕೂಡ ಒಂದೇ ಸೂರಿನಡಿ. ಚಹಾದ ಪುಟದಲ್ಲಿ ಒಂದು ಸಾಲು ತಿದ್ದಿದರೆ ಓಝರ್ ರಸ್ತೆಯಲ್ಲಿ ಲಾರಿ ನಿಲ್ಲುತ್ತಿತ್ತು. ಒಳಗಿನ ತುಂಡುಗಳಿಗೆಲ್ಲ ಅವನು ಬಳಗದ ಹೆಸರಿಟ್ಟಿದ್ದ: ಬೀಗ, ಬೀಗತಿ, ನೆಗೆಣ್ಣಿ, ಷಡ್ಡಕ. ಯಾರು ಯಾರನ್ನು ಏನು ಕೇಳಬಹುದು, ಯಾರ ಮುಂದೆ ಯಾರು ತಲೆತಗ್ಗಿಸಬೇಕು ಎಂಬುದು ಅದರಲ್ಲೇ ಬಂದುಬಿಡುತ್ತಿತ್ತು. ಮರಾಠಿ ಹುಡುಗರು ಅದನ್ನು ತೆರೆದು ನೋಡಿ, ಕಣ್ಣು ಕತ್ತಲೆ ಬಂದು, ಮುಚ್ಚಿ ಎದ್ದು ಹೋಗುತ್ತಿದ್ದರು. ಶಿವಕಾಂತನಿಗೆ ಬೇಕಾಗಿದ್ದೂ ಅದೇ.

೨೦೧೩ರ ದ್ರಾಕ್ಷಿ ಸುಗ್ಗಿ ಮುಗಿದಾಗ ಮಾಲೀಕ ನರಹರಿ ಸೇಠ್ ಅವನನ್ನು ಕರೆಸಿದ. "ಔರಂಗಾಬಾದಿನ ಹೊಸ ಶಾಖೆಗೆ ಕೋಲ್ಡ್ ಸ್ಟೋರೇಜ್ ಒಂದೇ ಸಾಕು ಅಂದ್ರೆ, ನೀನು ಇಡೀ ದಿಬ್ಬಣ ಕಳಿಸ್ತೀನಿ ಅಂತೀಯಲ್ಲೋ! ಒಡೆದು ಐದು ಬೇರೆ ಬೇರೆ ಮಾಡು. ಒಂದು ಮಲಗಿದ್ರೆ ಇನ್ನೊಂದು ನಡೀಬೇಕು."

"ಎರಡು ವರ್ಷ ಬೇಕು ಸೇಠ್‌ಜಿ," ಎಂದ ಶಿವಕಾಂತ.

ಮರುವಾರವೇ ಎದುರಿನ ಕುರ್ಚಿಯಲ್ಲಿ ಅಲಕಾ ಕುಲಕರ್ಣಿ ಎಂಬ ಹುಡುಗಿ ಬಂದು ಕೂತಳು. ಓಝರ್ ಕಾಲನಿಯಲ್ಲಿ ಬೆಳೆದವಳು, ಮಾತೆಲ್ಲ ಮರಾಠಿ. ಕುಲಕರ್ಣಿ ಎಂದ ಮೇಲೆ ಮರಾಠಿಯವಳೇ, ಇನ್ನೇನು ಎಂದು ಶಿವಕಾಂತ ಅಲ್ಲಿಗೇ ಬಿಟ್ಟ. ಅವಳು ಮೊದಲ ದಿನ ಪರದೆಯ ಮೇಲೆ ಬೆರಳಿಟ್ಟು, "ಸರ್, ಈ ನೆಗೆಣ್ಣಿ ಅಂದರೇನು?" ಎಂದು ಮರಾಠಿಯಲ್ಲಿ ಕೇಳಿದಳು.

"ಅದು ಬೀದರದ ಕಡೆ ಒಂದು ಮಸಾಲೆ," ಎಂದ ಇವನು ಕಣ್ಣು ಮಿಟುಕಿಸದೆ.

"ಹೌದೇ? ಖಾರ ಇರಬೇಕು," ಎಂದಳು ಅವಳೂ ಕಣ್ಣು ಮಿಟುಕಿಸದೆ.

ನೋಡುವವರ ಕಣ್ಣಿಗೆ ಇಬ್ಬರೂ ಕೂತು ಐದು ಪಾಲು ಮಾಡಿದರು. ಐದು ಬಾಗಿಲು, ಐದು ಒಲೆ. ಆದರೆ ಶಿವಕಾಂತ ನಡುವೆ ಒಂದು ಕೋಣೆ ಉಳಿಸಿಕೊಂಡ. ಅದರ ಹೆಸರು ಯಮನವ್ವ. ಯಮನವ್ವ ಅವನ ಅಜ್ಜಿ; ಕೀಲಿಗೊಂಚಲನ್ನು ಸೊಂಟಕ್ಕೆ ಸಿಗಿಸಿಕೊಂಡೇ ನಿದ್ದೆ ಮಾಡುತ್ತಿದ್ದವಳು, ಸೊಸೆಯಂದಿರು ಒಂದು ಚೂರು ಬೆಲ್ಲ ಬೇಕೆಂದರೂ ಅವಳ ಮುಂದೆ ನಿಲ್ಲಬೇಕು. ಈ ಯಮನವ್ವನೂ ಹಾಗೇ. ಐದು ಪಾಲುಗಳೂ ಯಾರನ್ನಾದರೂ ಒಳಗೆ ಬಿಡಬೇಕಾದರೆ ಕಳ್ಳ ಕಿಂಡಿಯಲ್ಲಿ ಅವಳನ್ನೇ ಕೇಳುತ್ತಿದ್ದವು. ಅವಳಿಗೋ ದಿನ ಬೆಳಗಾದರೆ ಪಾಸ್‌ವರ್ಡಿನಂಥ ಒಂದು ಗುಟ್ಟಿನ ಮಾತು ಹೇಳಬೇಕು. ಹೇಳದಿದ್ದರೆ ಮಧ್ಯಾಹ್ನಕ್ಕೆ ಐದೂ ಬಾಗಿಲು ಬಂದ್. ಆ ಮಾತು ಗೊತ್ತಿದ್ದದ್ದು ಶಿವಕಾಂತನಿಗೆ ಮಾತ್ರ.

ಅಷ್ಟರಲ್ಲಿ ಔರಂಗಾಬಾದಿನಲ್ಲಿ ಹೆಂಡತಿ ಜಯಮಾಲಾಳ ಅಣ್ಣನ ಮಗಳ ಮದುವೆ ಬಂತು. "ಈ ಸರ್ತಿ ಅಕ್ಷತೆ ವ್ಯಾಳ್ಯಾಕ್ಕ ಆ ಯಮನವ್ವ ಮುದುಕಿ ಸಲುವಾಗಿ ನಿಮ್ಮ ಫೋನ್ ಹೊಡಕೊಂಡ್ರ, ಬಾಜಾ ಬಜಂತ್ರಿಯವರಿಗೆ ದಾನ ಮಾಡ್ತೀನ್ರಿ, ನೋಡ್ರಿ ಮತ್ತ!" ಎಂದು ಅವಳು ಎಚ್ಚರಿಸಿದಳು.

ಶಿವಕಾಂತ ಗೋಣು ಹಾಕಿದ. ಆಫೀಸಿಗೆ ಬಂದವನೇ ಅಲಕಾಳ ಎದುರಿಗೇ, ಔರಂಗಾಬಾದಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬಾಲ್ಯದ ಗೆಳೆಯ ಮನ್ಮಥಪ್ಪನಿಗೆ ಫೋನು ಹಚ್ಚಿದ.

"ಮನ್ಮಥ್ಯಾ, ಮದುವಿ ದಿನ ನಾ ಯಮನವ್ವಗ ಮಾತು ಹೇಳಂಗಿಲ್ಲ. ಬರೋಬ್ಬರಿ ಅಕ್ಷತೆ ವ್ಯಾಳ್ಯಾಕ್ಕ ಬಾಗಲಾ ಹಾಕ್ತಾಳ ಮುದುಕಿ. ಸೇಠ್ ಬೊಬ್ಬಿ ಹೊಡ್ಕೋತ ಫೋನ್ ಮಾಡ್ತಾನ. ಗುಂಡಿ ಒತ್ತಾಂವ ಅಂದಿದ್ರಲ್ಲ ನಮ್ಮ ಮಾವನ ಮಂದಿ, ಕಣ್ಣೀಲೆ ನೋಡ್ಲಿ."

"ಎದುರಿಗಿ ಯಾರರೆ ಕುಂತಾರೇನಲೇ?"

"ಒಬ್ಬಾಕಿ ಮರಾಠಿ ಹುಡುಗಿ ಅದಾಳ. ಅಕಿಗೇನ್ ತಿಳೀತದ, ಪಾಪ."

ಪಾಪದ ಹುಡುಗಿ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಮುರಿಯುತ್ತ ಕಿಟಕಿಯ ಆಚೆ ನೋಡುತ್ತಿದ್ದಳು.

ಮದುವೆಯ ದಿನ ಶಿವಕಾಂತ ರೇಷ್ಮೆ ಅಂಗಿ ತೊಟ್ಟು, ಫೋನನ್ನು ಎಲ್ಲರಿಗೂ ಕಾಣುವ ಹಾಗೆ ಎದೆಯ ಜೇಬಿನಲ್ಲಿಟ್ಟು, ಮಾವನ ಮನೆಯ ಹಿರಿಯರ ಸಾಲಿನಲ್ಲೇ ನಿಂತ. ಮಂತ್ರ ಮುಗಿಯಿತು. ಅಕ್ಷತೆ ಬಿತ್ತು. ಬಾಜಾ ಮೊಳಗಿತು. ಫೋನು ಮಾತ್ರ ಮೌನಗೌರಿ ವ್ರತ ಹಿಡಿದ ಹಾಗೆ ಕೂತಿತ್ತು. ಅವನು ಜೇಬಿನ ಮೇಲಿಂದ ಮುಟ್ಟಿದ, ತೆಗೆದು ಸಿಗ್ನಲ್ಲಿನ ಕಡ್ಡಿ ಎಷ್ಟಿದೆ ನೋಡಿದ, ಕಂಬದ ಹತ್ತಿರ ಹೋಗಿ ಮೇಲೆತ್ತಿ ಹಿಡಿದ. ಕಡ್ಡಿಗಳೆಲ್ಲ ತುಂಬಿದ್ದವು.

"ಏನಲೇ ಶಿವ್ಯಾ, ಮುದುಕಿ ಮಕ್ಕೊಂಡಾಳೇನು?" ಎಂದ, ಮದುವೆಗೆ ಬಂದಿದ್ದ ಮನ್ಮಥಪ್ಪ, ಹಲ್ಲು ಕಿರಿದು.

ತಡೆಯಲಾರದೆ ಶಿವಕಾಂತ ಕಲ್ಯಾಣ ಮಂಟಪದ ಹಿಂದಿನ ಬೇವಿನ ಮರದಡಿ ಹೋಗಿ ತಾನೇ ಸೇಠನಿಗೆ ಫೋನು ಮಾಡಿದ. "ಎಲ್ಲ ಸರಿಯಿದೆ, ನೀನು ಜಿಲೇಬಿ ತಿನ್ನು," ಎಂದು ಸೇಠ್ ಇಟ್ಟೇಬಿಟ್ಟ. ಶಿವಕಾಂತ ತಕ್ಷಣ ಅಲಕಾಳಿಗೆ ಹಚ್ಚಿ ಮರಾಠಿಯಲ್ಲಿ ಶುರು ಮಾಡುವಷ್ಟರಲ್ಲಿ ಆ ಕಡೆಯಿಂದ ಧಾರವಾಡದ ಅಚ್ಚ ಕನ್ನಡ ಬಂತು.

"ನಮಸ್ಕಾರ್ರೀ ಸರ್. ಯಮನವ್ವಜ್ಜಿನ್ನ ನಿನ್ನೆನ ಊರಿಗೆ ಕಳಿಸೇನ್ರಿ. ಪಾಪ, ವಯಸ್ಸಾಗಿತ್ತು. ಐದೂ ಮಂದಿ ಸೊಸ್ತ್ಯಾರಿಗೆ ಅವರವರ ಕೀಲಿ ಅವರವರ ಕೈಯಾಗ ಕೊಟ್ಟೇನಿ. ನೆಗೆಣ್ಣ್ಯಾರು ಭಾಳ ಛಲೋ ಇದ್ದಾರ್ರಿ, ಜಗಳಿಲ್ಲ, ಗಿಗಳಿಲ್ಲ."

"ನಿನಗ... ಕನ್ನಡ ಬರ್ತದ?"

"ನಮ್ಮಪ್ಪ ಧಾರವಾಡದವರ್ರಿ. ನೀವು ಕೇಳ್ಲಿಲ್ಲ, ನಾ ಹೇಳ್ಲಿಲ್ಲ. ಮಸಾಲಿ ರುಚಿ ನೋಡಕೋತ ಕುಂತಿದ್ದೆ."

ಬೇವಿನ ಮರದ ಮೇಲೆ ಕಾಗೆಯೊಂದು ಕೂಗಿತು. ಶಿವಕಾಂತ ಮೆಲ್ಲಗೆ, "ಸೇಠ್‌ಗ ಹೇಳಿಯೇನು?" ಎಂದ.

"ಯಾಕ ಹೇಳ್ಲಿ? ಅಜ್ಜಿ ಮನಿತನದ ಮರ್ಯಾದಿ ಪ್ರಶ್ನೆರಿ." ಅವಳೇ ಮುಂದುವರಿಸಿದಳು: "ಅಕ್ಷತೆ ಅಂತೂ ಆಗಿಹೋದ್ವು. ಈಗ ನಾ ಯಾವಾಗ ಫೋನ್ ಮಾಡ್ಲಿ, ಹೇಳ್ರಿ?"

ಶಿವಕಾಂತ ಅತ್ತಿತ್ತ ನೋಡಿದ. ಗಂಟಲು ಸರಿಮಾಡಿಕೊಂಡ. "ಪಂಗ್ತಿ ಕುಂತಾಗ ಮಾಡವ್ವ. ಮಾವನ ಮಂದಿ ಎಲ್ಲಾ ನನ್ನ ಸಾಲಿನ್ಯಾಗೇ ಇರ್ತಾರ."

ಪಂಕ್ತಿಯಲ್ಲಿ ತುಪ್ಪ ಬಡಿಸುವ ಹೊತ್ತಿಗೆ ಫೋನು ಬಡಿದುಕೊಂಡಿತು. ಸಾಲಿಗೆ ಸಾಲೇ ತಿರುಗಿತು. "ನೋಡ್ರಿ, ಇವರಿಲ್ಲದ ಅಲ್ಲಿ ಹುಲ್ಲುಕಡ್ಡಿ ಅಲುಗಂಗಿಲ್ಲ," ಎಂದರು ಮಾವನವರು, ಈ ಸಲ ಬಾಯಿ ಮುಚ್ಚಿಕೊಳ್ಳದೆ. ಶಿವಕಾಂತ ಹುಬ್ಬು ಗಂಟಿಕ್ಕಿ, "ಹಾಂ, ಯಾವ ಮಾಡ್ಯೂಲು?" ಎಂದು ಗದರಿದ.

"ಜಿಲೇಬಿ ಹೆಂಗ ಆಗ್ಯಾವ್ರಿ?" ಎಂದಿತು ಫೋನು.

"ಸ್ವಲ್ಪ ಬಿಸಿ ಆಗೇದ. ತಣ್ಣಗ ಆಗಾಕ ಬಿಡು."

"ನಾಳೆ ನನಗೂ ನಾಕು ಕಟ್ಟಿಸ್ಕೊಂಡು ಬರ್ರಿ, ಇಲ್ಲಾಂದ್ರ ಅಜ್ಜಿ ಸುದ್ದಿ ಸೇಠ್‌ಗ ಮುಟ್ಟತದ."

"ಆತು, ಆತು, ನಾನೇ ಬಂದು ನೋಡ್ತೀನಿ," ಎಂದು ಶಿವಕಾಂತ ಫೋನು ಇಟ್ಟು, ಸಾಲಿನ ಕಡೆಗೊಮ್ಮೆ ದಣಿದ ನೋಟ ಬೀರಿದ. ಆದರೆ ಅವನ ಫೋನಿನ ದನಿ ಮೊದಲಿಂದಲೂ ದೊಡ್ಡದು. ಅವನ ಎಲೆಯ ಮುಂದೆ ಬಗ್ಗಿ ತುಪ್ಪ ಹಿಡಿದು ನಿಂತಿದ್ದವಳು ಜಯಮಾಲಾ. ಅವಳು ಸೌಟನ್ನು ಎತ್ತಿದವಳು ಎತ್ತಿದಂತೆಯೇ ನಿಂತು ಗಂಡನನ್ನು ನೋಡಿದಳು. ಆಮೇಲೆ ಅವನ ಎಲೆಗೆ ಎರಡು ಸೌಟು ತುಪ್ಪ ಹೆಚ್ಚಿಗೆ ಸುರಿದು, ಅವನಿಗಷ್ಟೇ ಕೇಳುವಂತೆ ಅಂದಳು:

"ನಾಕು ಯಾಕ್ರಿ, ಆ ಹುಡುಗಿಗೆ ಡಬ್ಬಿ ತುಂಬ ಕಟ್ಟತೀನಿ. ಮುದುಕಿ ಕೈಯಾಗಿಂದ ನಿಮ್ಮನ್ನ ಬಿಡಿಸ್ಯಾಳ."