ಮಾರಿದ ಟಿಕೆಟ್ಟನ್ನೇ ಮತ್ತೆ ಮಾರಿದ್ದ

“ಮೇಡಂ, ಈ ಎರಡು ಟಿಕೆಟ್‌ನಲ್ಲೂ ಆಗ್ಲೇ ಯಾರೋ ಒಳಗೆ ಹೋಗಿದ್ದಾರೆ” ಎನ್ನುತ್ತ ಬೆಂಗಳೂರಿನ ಕ್ರೀಡಾಂಗಣದ ಗೇಟಿನಲ್ಲಿ ಕಾವಲುಗಾರ ನನ್ನ ಮೊಬೈಲ್ ವಾಪಸ್ ಕೊಟ್ಟ. ಕಬಡ್ಡಿ ಆಡುವ ಮಗಳಿಗೆ ದೊಡ್ಡ ಆಟಗಾರರನ್ನು ಕಣ್ಣಾರೆ ತೋರಿಸಬೇಕೆಂದು ಕುಷ್ಟಗಿಯಿಂದ ಕರೆತಂದಿದ್ದೆ. ಟಿಕೆಟ್ ಖಾಲಿಯಾಗಿದ್ದರಿಂದ, ಆನ್‌ಲೈನ್‌ನಲ್ಲಿ ಮರುಮಾರಾಟಕ್ಕಿಟ್ಟಿದ್ದ ಒಬ್ಬನಿಂದ ಮೂರು ಪಟ್ಟು ಬೆಲೆ ಕೊಟ್ಟು ಕೊಂಡಿದ್ದೆ.

ನಾಚಿಕೆಯಾಗಿ ಬಸ್ ನಿಲ್ದಾಣದ ಕಡೆ ಹೊರಟೆ. ಮಗಳು ಕೈಹಿಡಿದು ನಿಲ್ಲಿಸಿದಳು.

“ಅವ್ವಾ, ನಾವು ಕಳವು ಮಾಡೀವೇನು? ಸುಮ್ನ ಯಾಕ ಹೋಗೂದು? ಟಿಕೆಟ್ ಮಾರಿದವನ್ನ ಬಿಡೂದು ಬ್ಯಾಡ.”

ಗೇಟಿನ ಹೊರಗೆ ಸಪ್ಪೆ ಮೋರೆ ಹಾಕಿ ನಿಂತಿದ್ದವರಿಗೆಲ್ಲ ಅವಳು ಆ ಮಾರಾಟಗಾರನ ನಂಬರ್ ತೋರಿಸಿದಳು. ಅವರಲ್ಲಿ ಏಳು ಜನ ಅವನಿಂದಲೇ, ಅದೇ ಸೀಟುಗಳ ಟಿಕೆಟ್ ಕೊಂಡಿದ್ದರು! ಎಲ್ಲರೂ ಕೂಡಿ ಪೊಲೀಸ್ ಠಾಣೆಗೆ ಹೋದೆವು. ಮನೆಗೆ ಹೋಗಿ ಆನ್‌ಲೈನ್‌ನಲ್ಲಿ ದೂರು ಕೊಡಿ ಎಂದರು ಅಲ್ಲಿನ ಪೊಲೀಸರು. ಮಗಳು ಬೆಂಚು ಬಿಟ್ಟು ಏಳಲಿಲ್ಲ. ಪಂದ್ಯ ಮುಗಿಯುವ ಹೊತ್ತಿಗೆ ದೂರಿನ ಪ್ರತಿ ನಮ್ಮ ಕೈಗೆ ಬಂತು.

ಅವನ ಬ್ಯಾಂಕ್ ಖಾತೆ ತಡೆಹಿಡಿದಿದ್ದಾರೆ, ನಮ್ಮ ಹಣ ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ಠಾಣೆಗೆ ಫೋನ್ ಮಾಡಿ ವಿಚಾರಿಸುತ್ತೇನೆ. ಪೊಲೀಸರೆಂದರೆ ಹೆದರುತ್ತಿದ್ದವಳು ನಾನು. ಈಗ ಅವರೇ ದನಿ ಗುರುತಿಸಿ, “ಕುಷ್ಟಗಿ ಅಮ್ಮನಾ?” ಎನ್ನುತ್ತಾರೆ.