ಗುಂಡಿಗೆ ಹಾಕಿದ ತಾಯಿ ಕಾರ್ಡು

ನನ್ನ ಮೊಮ್ಮಗಳ ಮೊದಲ ಮಗು ಜೀವವಿಲ್ಲದೆ ಹುಟ್ಟಿತು. ಇಷ್ಟನ್ನು ನೇರವಾಗಿ ಬರೆಯಲು ನನಗೆ ಎರಡು ವರ್ಷ ಹಿಡಿಯಿತು. ನಮ್ಮ ಮನೆಯಲ್ಲಿ ಇಂಥದ್ದಕ್ಕೆ "ಹೋಯ್ತು" ಅನ್ನುವುದೊಂದೇ ಮಾತು. ಆಮೇಲೆ ಯಾರೂ ಆ ಸುದ್ದಿ ಎತ್ತುವುದಿಲ್ಲ.

ಚೊಚ್ಚಲ ಹೆರಿಗೆಗೆಂದು ಅವಳು ಜಗಳೂರಿನಿಂದ ಚನ್ನಗಿರಿಗೆ, ನಮ್ಮ ಮನೆಗೆ, ಬಂದಿದ್ದಳು. ಜಗಳೂರಿನ ಒಂದು ಹೈಸ್ಕೂಲಿನಲ್ಲಿ ಅವಳು ಟೀಚರ್. ಎಂಟನೇ ತಿಂಗಳಲ್ಲಿ ನ್ಯಾಮತಿಯ ಅವಳ ಚಿಕ್ಕಮ್ಮ ಬಯಕೆ ಊಟಕ್ಕೆ ಕರೆದಳು, ಹೋದೆವು. ಎಲೆಯ ಮುಂದೆ ಕೂತವಳು ಹೋಳಿಗೆ ಮುರಿಯುತ್ತಾ, "ಅಜ್ಜಿ, ಬೆಳಗಿಂದ ಇದು ಒಂದ್ಸಲಾನೂ ಒದ್ದಿಲ್ಲ" ಅಂದಳು. ಎಲೆ ಹಾಗೇ ಬಿಟ್ಟು ಹೊನ್ನಾಳಿಯ ಆಸ್ಪತ್ರೆಗೆ ಓಡಿದೆವು. ಸ್ಕ್ಯಾನ್ ಮಾಡಿದ ಡಾಕ್ಟರು ಪರದೆಯನ್ನು ನಮ್ಮಿಂದ ಆಚೆ ತಿರುಗಿಸಿದರು. ಮರುದಿನ ಮಧ್ಯಾಹ್ನ ಹೆರಿಗೆಯಾಯಿತು. ಹೆಣ್ಣು. ತಲೆ ತುಂಬ ಕೂದಲು.

ಹೆರಿಗೆ ಮಾಡಿಸಿದ ನರ್ಸ್ ಒಂದು ಫಾರಂ ಹಿಡಿದು ತಂದೆಯ ಹೆಸರು, ತಾಯಿಯ ವಯಸ್ಸು, ಎಷ್ಟು ವಾರ ಅಂತ ಒಂದೊಂದಾಗಿ ಕೇಳತೊಡಗಿದಳು. ನನಗೆ ಸಿಟ್ಟು ಬಂತು.

"ಉಸಿರೇ ಆಡಿಲ್ಲ, ಇದಕ್ಕೆ ಯಾವ ಫಾರಂ? ಪ್ಲೀಸ್, ಸ್ಟಾಪ್ ಇಟ್" ಅಂದೆ.

ಅವಳು ಫಾರಂ ಮೇಲಿಂದ ಪೆನ್ನು ಎತ್ತಲಿಲ್ಲ. "ಬರೀಲೇಬೇಕು ಅಜ್ಜಿ. ಹೆತ್ತಾಳಲ್ಲ ನಿಮ್ಮ ಹುಡುಗಿ? ಬರೀದೆ ಬಿಡಾಕೆ ಬರಲ್ಲ" ಅಂದಳು.

ಆ ಹೊತ್ತಿಗೆ ಅವಳು ನನಗೆ ಕಲ್ಲುಮನಸ್ಸಿನವಳಾಗಿ ಕಂಡಳು.

ಮಗುವನ್ನು ಕತ್ತಲಗೆರೆಯ ಹತ್ತಿರದ ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಇಂಥ ಮಗುವಿನ ಒಂದು ದಾರವೂ ಮನೆಯಲ್ಲಿ ಉಳಿಯಬಾರದು, ಉಳಿದರೆ ಮುಂದಿನದು ಬರಲು ಹಿಂಜರಿಯುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ನಾನು ಗುಂಡಿಗೆ ಕುಲಾವಿ ಹಾಕಿದೆ, ಹೊಲಿಸಿಟ್ಟಿದ್ದ ಪುಟ್ಟ ಕೌದಿ ಹಾಕಿದೆ. ಆಮೇಲೆ ಆಸ್ಪತ್ರೆಯ ಪ್ಲಾಸ್ಟಿಕ್ ಕವರನ್ನೂ ಹಾಕಿದೆ. ತಾಯಿ ಕಾರ್ಡು, ಸ್ಕ್ಯಾನ್ ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿ ಎಲ್ಲ ಅದರಲ್ಲಿದ್ದವು.

"ಅವ್ವ, ಕಾಗದ ಬೇಕಾಗ್ತವೇನೋ" ಅಂದ ನನ್ನ ಮಗ.

"ಯಾತಕ್ಕೆ? ನೋಡ್ಕೊಂಡು ಅಳಾಕಾ?"

ಅವನು ಸಲಿಕೆ ಎತ್ತಿಕೊಂಡ. ನನ್ನ ಮಾತಿಗೆ ಎದುರಾಡಿ ಅಭ್ಯಾಸವಿಲ್ಲ ಅವನಿಗೆ. ಅಂದು ಎದುರಾಡಬೇಕಿತ್ತು.

ಮೂರನೇ ವಾರ ಮೊಮ್ಮಗಳ ಶಾಲೆಯ ಆಫೀಸಿನಿಂದ ಫೋನ್ ಬಂತು. ಹೆರಿಗೆಯಾದದ್ದಕ್ಕೆ ಆಸ್ಪತ್ರೆಯ ದಾಖಲೆ ಕೊಟ್ಟರೆ ಪೂರ್ತಿ ಹೆರಿಗೆ ರಜೆ. ಇಲ್ಲದಿದ್ದರೆ ಗರ್ಭಪಾತ ಎಂದು ಹಿಡಿದು ಆರು ವಾರಕ್ಕೆ ಡ್ಯೂಟಿಗೆ ಹಾಜರಾಗಬೇಕು. ಎದೆಹಾಲು ಇನ್ನೂ ಬತ್ತಿರದ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹುಡುಗಿ. ಅವಳು ಆಸ್ಪತ್ರೆಯ ಕಾಗದ ಕೇಳಿದಳು. ನಾನು ಇದ್ದದ್ದನ್ನು ಹೇಳಿದೆ.

ಕೂಗಾಡಿದ್ದರೆ ಚೆನ್ನಾಗಿತ್ತು. "ನನ್ನ ಒಂದು ಮಾತು ಕೇಳಿದ್ಯಾ ಅಜ್ಜಿ? ಅದು ನನ್ನ ಕಾರ್ಡು. ಅದರ ಮೇಲೆ ತಾಯಿ ಅಂತ ಬರ್ದಿತ್ತು" ಅಂದಳು, ಅಷ್ಟೇ. ಮರುದಿನ ಗಂಡನ ಜೊತೆ ಜಗಳೂರಿಗೆ ಹೊರಟುಹೋದಳು. ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ಸೊಸೆ ಅಡಿಗೆಮನೆಯಿಂದಲೇ ಚುಚ್ಚಿದಳು. "ಕಾನ್ವೆಂಟಲ್ಲಿ ಓದಿದೋರು ನೀವು ಅತ್ತೆ. ಓದಿದೋರು ಯಾರಾದ್ರೂ ಕಾಗದ ಹೂಳ್ತಾರೇನ್ರಿ?" ಗುಂಡಿ ತೋಡಿ ತೆಗೆಯೋಣ ಎಂದು ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಅದಕ್ಕೆ ಅವರಿಗೆಲ್ಲ ನಾನು ಋಣಿ.

ಮಾಡಿದ್ದನ್ನು ನಾನೇ ಸರಿಮಾಡಬೇಕಿತ್ತು. ಮೊದಲು ಚನ್ನಗಿರಿಯ ಜನನ ಮರಣ ನೋಂದಣಿ ಕಚೇರಿಗೆ ಹೋದೆ. ಚೊಚ್ಚಲ ಹೆರಿಗೆ ತವರಿನದು, ಆದ್ದರಿಂದ ಲೆಕ್ಕವೂ ತವರೂರಿನಲ್ಲೇ ಇರುತ್ತದೆಂದು ನನ್ನ ತಿಳಿವಳಿಕೆ. ಅಲ್ಲಿದ್ದ ಗುಮಾಸ್ತರು ಎಲ್ಲ ಕೇಳಿಕೊಂಡು ಕನ್ನಡಕ ತೆಗೆದರು.

"ಅಜ್ಜಿ, ಹೊನ್ನಾಳಿಯಲ್ಲಿ ಆದ ಹೆರಿಗೆ ಚನ್ನಗಿರಿ ಪುಸ್ತಕದಾಗೆ ಹೆಂಗೆ ಬರ್ತೈತೆ? ತವರುಮನೆ ಅಂತ ನಮ್ಮತ್ರ ಕಾಲಂ ಇಲ್ರಿ."

ಎಲ್ಲಿ ಆಯಿತೋ ಅಲ್ಲೇ ದಾಖಲು ಅಂತ ಬಿಡಿಸಿ ಹೇಳಿ, ಹೊನ್ನಾಳಿ ಬಸ್ಸಿನ ಹೊತ್ತನ್ನೂ ಅವರೇ ಹೇಳಿ ಕಳಿಸಿದರು.

ಹೊನ್ನಾಳಿ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ಇದ್ದಳು, ನನ್ನ ಸೊಸೆಯ ವಯಸ್ಸಿನವಳು. ನಾನು ಇಂಗ್ಲಿಷಿನಲ್ಲಿ ಬರೆದು ತಂದಿದ್ದ ಒಂದು ಪುಟದ ಅರ್ಜಿಯನ್ನು ಓದಿ, "ಅಕ್ಷರ ಚೆಂದ ಐತೆ, ವಿಷಯ ಎಲ್ಲೈತೆ ಅಂತ ಹುಡುಕ್ತಾ ಇದೀನಿ" ಎಂದು ನಕ್ಕಳು. ಆಗ ನಾನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿದೆ, ಗುಂಡಿಯದ್ದನ್ನೂ ಸೇರಿಸಿ. ಅವಳ ನಗು ನಿಂತಿತು.

"ಜನನ ಪತ್ರ ಅಂತ ಬರಲ್ಲಮ್ಮ ಇದಕ್ಕೆ, ಮರಣ ಪತ್ರಾನೂ ಬರಲ್ಲ. ನಿರ್ಜೀವ ಜನನ ಅಂತ ಬೇರೆ ರಿಜಿಸ್ಟರೇ ಇರ್ತೈತೆ. ಅವತ್ತು ಫಾರಂ ತುಂಬಿದ್ರೆ ಅದರಾಗೆ ಇರಲೇಬೇಕು. ಅದರ ನಕಲು, ಡಿಸ್ಚಾರ್ಜ್ ಸಮ್ಮರಿಯ ಇನ್ನೊಂದು ಪ್ರತಿ, ಎರಡಕ್ಕೂ ಡಾಕ್ಟರ ಸಹಿ ಮಾಡಿಸಿ ಕೊಡ್ತೀನಿ. ರಜೆಗೆ ಸಾಕು. ಆದ್ರೆ ಅರ್ಜಿ ನೀವು ಹಾಕಾಕೆ ಬರಲ್ಲ. ತಾಯೀನೇ ಹಾಕಬೇಕು."

"ಅವಳು ನನ್ನ ಫೋನ್ ಎತ್ತಲ್ಲಮ್ಮ."

ಅವಳು ತನ್ನ ಮೊಬೈಲನ್ನು ನನ್ನ ಕಡೆ ಸರಿಸಿದಳು. "ನನ್ನ ನಂಬರಿಂದ ಮಾಡ್ರಿ."

ಮೊಮ್ಮಗಳು ಎತ್ತಿದಳು. ನಾನು ಸಾರಿ ಹೇಳಿದೆ. ಕಾನ್ವೆಂಟಿನಲ್ಲಿ ದಿನಕ್ಕೆ ಹತ್ತು ಸಲ ಹೇಳಿ ಸವೆದ ಆ ಪದ ಅಂದು ಸಾಲದೆನಿಸಿತು. ನಿನ್ನನ್ನು ಕೇಳದೆ ಹಾಕಿದ್ದು ತಪ್ಪು ಅಂದೆ. ಅರ್ಜಿಯನ್ನು ತಾಯಿಯೇ ಹಾಕಬೇಕಂತೆ ಎಂದೂ ಹೇಳಿದೆ. ಅವಳು, "ಏನೇನು ತರಬೇಕು ಕೇಳು" ಅಂದಳು.

ಎರಡು ದಿನ ಬಿಟ್ಟು ಗಂಡನ ಜೊತೆ ಬಂದಳು. ಜಗಳೂರಿನಿಂದ ದಾವಣಗೆರೆ, ಅಲ್ಲಿಂದ ಹೊನ್ನಾಳಿ, ಎರಡು ಬಸ್ಸು, ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು. ನಾನು ದಾಖಲೆ ಕೋಣೆಯ ಬಾಗಿಲ ಬಳಿಯ ಬೆಂಚಿನಲ್ಲಿದ್ದೆ. ಪಕ್ಕದಲ್ಲಿ ಜಾಗವಿದ್ದರೂ ಅವಳು ಕೂರಲಿಲ್ಲ.

ಆ ಹೆಣ್ಣುಮಗಳು ರಿಜಿಸ್ಟರ್ ತಂದು ಮೇಜಿನ ಮೇಲೆ ಬಿಚ್ಚಿದಳು. ತೆಳ್ಳನೆಯ ಪುಸ್ತಕ. ಬೇರೆ ಸಾಲುಗಳ ಮೇಲೆ ಬಿಳಿ ಹಾಳೆ ಮುಚ್ಚಿ ನಮ್ಮ ಒಂದೇ ಸಾಲನ್ನು ತೆರೆದಿಟ್ಟಳು. ಪರರ ದುಃಖಕ್ಕೂ ಮರೆ ಕೊಟ್ಟಳಲ್ಲ, ಆ ಬಿಳಿ ಹಾಳೆಯನ್ನು ನಾನು ಇಂದಿಗೂ ನೆನೆಯುತ್ತೇನೆ. ತಾರೀಖು. ಹೆಣ್ಣು. ತಂದೆಯ ಹೆಸರು, ತಾಯಿಯ ಹೆಸರು. ಮೂವತ್ತಮೂರು ವಾರ. ಒಂದು ಚೌಕವೂ ಖಾಲಿಯಿರಲಿಲ್ಲ. ನಾನು ಬೈದಿದ್ದ ನರ್ಸ್ ಎಲ್ಲವನ್ನೂ ತುಂಬಿದ್ದಳು.

ಮೊಮ್ಮಗಳು ಆ ಸಾಲಿನ ಕೆಳಗೆ ಬೆರಳಿಟ್ಟು ಎಡದಿಂದ ಬಲಕ್ಕೆ ಓದಿದಳು, ಮತ್ತೆ ಎಡಕ್ಕೆ ಬಂದು ಓದಿದಳು. ಗಂಡ ಅವಳ ಹಿಂದೆ ನಿಂತು ಚೀಲದ ದಾರವನ್ನು ಸುತ್ತುತ್ತಿದ್ದ.

"ಎಷ್ಟು ಪ್ರತಿ ಬೇಕಮ್ಮ?" ಅಂದಳು ಆಕೆ.

"ಎರಡು. ಶಾಲೆಗೆ ಒಂದು, ನನಗೊಂದು."

ಡಾಕ್ಟರು ರೌಂಡ್ಸ್ ಮುಗಿಸಿ ಬಂದು ಸಹಿ ಹಾಕುವಷ್ಟರಲ್ಲಿ ಎರಡು ಗಂಟೆ ಕಳೆಯಿತು. ನಡುವೆ ಆ ನರ್ಸನ್ನು ವಾರ್ಡಿನಲ್ಲಿ ಹುಡುಕಿ ಕೈ ಹಿಡಿದುಕೊಂಡೆ. ಅವಳಿಗೆ ನನ್ನ ಗುರುತು ಸಿಗಲಿಲ್ಲ. "ಯಾವ ಬೆಡ್ ಅಜ್ಜಿ?" ಅಂದಳು. ದಿನವೂ ಹಾಗೆ ಬರೆಯುವವಳಿಗೆ ನಾನೊಬ್ಬಳು ಹೇಗೆ ನೆನಪಿರಬೇಕು? ಥ್ಯಾಂಕ್ಸ್ ಹೇಳಿ ಬಂದೆ.

ಈ ಕಾಗದ ಕೊಟ್ಟರೆ ರಜೆ ಮಂಜೂರಾಗುತ್ತದೆಂದು ಶಾಲೆಯಿಂದ ಅಂದೇ ಫೋನಿನಲ್ಲಿ ತಿಳಿಯಿತು. ಬಸ್‌ಸ್ಟ್ಯಾಂಡಿನಲ್ಲಿ ದಾವಣಗೆರೆ ಬಸ್ಸು ಹೊರಡಲು ಸಿದ್ಧವಾಗಿತ್ತು. ಅವಳು ಒಂದು ಪ್ರತಿಯನ್ನು ಗಂಡನ ಕೈಗೆ ಕೊಟ್ಟು, "ನಾಳೆ ಸ್ಕೂಲಿಗೆ ಮುಟ್ಸಿಬಿಡ್ರಿ" ಅಂದಳು. ಇನ್ನೊಂದನ್ನು ಮಡಿಚದೆ ತನ್ನ ಚೀಲದಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಳು.

"ನನ್ನ ಬಾಣಂತನ ಅರ್ಧಕ್ಕೇ ನಿಂತೈತೆ ಅಜ್ಜಿ. ಮಗು ಇಲ್ಲ ಅಂತ ಎಣ್ಣೆ ನೀರೂ ಬಿಡ್ಸಿಬಿಟ್ರಿ ನೀವೆಲ್ಲ."

"ಬಾ. ಹಂಡೆ ತುಂಬ ಕಾಯಿಸ್ತೀನಿ."

"ಈ ಕಾಗದ ಎಲ್ಲಿಡಬೇಕು ಅಂತ ನೀನು ಹೇಳಂಗಿಲ್ಲ ಮತ್ತೆ."

"ಹೇಳಲ್ಲ. ಪ್ರಾಮಿಸ್."

ಚನ್ನಗಿರಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಅವಳಿಗೆ ಬಿಟ್ಟುಕೊಟ್ಟೆ. ಆ ರಜೆಯಲ್ಲಿ ಉಳಿದ ಪ್ರತಿ ದಿನವನ್ನೂ ಅವಳು ನಮ್ಮ ಮನೆಯಲ್ಲೇ ಕಳೆದಳು.