ನಾಗರತ್ನಾ ಕೇಳುತ್ತಿದ್ದ ಸೂಜಿ

ಆಗೆಲ್ಲ ರಕ್ತ ಏರಿಸುವ ಮುನ್ನ, ಮೈ ತುರಿಸಿ ನಡುಕ ಬರದಿರಲೆಂದು ಒಂದು ಸೂಜಿ ಹಾಕುತ್ತಿದ್ದರು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಮರೆತರೂ ಕಮರಿಪೇಟೆಯ ನಾಗರತ್ನಾ ಅದನ್ನು ಕೇಳಿ ಹಾಕಿಸಲು ಮರೆಯುತ್ತಿರಲಿಲ್ಲ. ತಿಂಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳುವ ಗಂಡ ರಾಜಶೇಖರ ಹತ್ತಿ ದರದಿಂದ ದಿಲ್ಲಿ ಸರ್ಕಾರದವರೆಗೆ ಬಿಡದೆ ಮಾತಾಡುವವ. ಅವನ ಮಾತನ್ನು ಅಣಕಿಸಿ ವಾರ್ಡನ್ನೆಲ್ಲ ನಗಿಸುವವಳು ಈಕೆ. "ಇವರಿಗೆ ಎಂದೂ ರಿಯಾಕ್ಷನ್ ಆಗಿಲ್ಲ, ಸೂಜಿ ಯಾಕ್ರಿ ಅಕ್ಕಾರ?" ಎಂದರು ಒಮ್ಮೆ ಹೊಸ ಡಾಕ್ಟರು. "ಅವರಿಗೆ ಬ್ಯಾಡಾದ್ರ ನನಗ ಬೇಕ್ರಿ! ಒಂದ್ ತಾಸರ ಬಾಯಿ ಮುಚ್ಚಿ ಮಲಗ್ತಾರ," ಎಂದಳು. ಡಾಕ್ಟರು ನಕ್ಕು ಒಪ್ಪಿದರು. ಸೂಜಿಯ ಮಂಪರಿಗೆ ಗಂಡನ ಗೊರಕೆ ಶುರುವಾದೊಡನೆ ನಾಗರತ್ನಾ ಎಂದಿನಂತೆ ಗೋಡೆಯತ್ತ ತಿರುಗಿ, ಸೆರಗನ್ನು ಬಾಯಿಗೊತ್ತಿಕೊಂಡು, ಅವನೆದುರು ಅಳಲಾಗದ್ದನ್ನೆಲ್ಲ ಅತ್ತು ಮುಗಿಸಿದಳು. ಅವನು ಕಣ್ಣು ಬಿಡುವಷ್ಟರಲ್ಲಿ ಮುಖ ಒರೆಸಿಕೊಂಡು, "ಏನ್ ಗೊರಕಿರೀ ನಿಮ್ದು, ಅರ್ಧ ಹುಬ್ಬಳ್ಳಿ ಎದ್ದು ಕುಂತೈತಿ!" ಎಂದಳು.